ಆಟದ ಮೈಯೂ ಒರೆಯ ಆಯುಧವೂ

ಕಿಣ್ಣಿ ಸುಲ್ತಾನದ ಕಡೆಯ ಗೃಹಸ್ಥರೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಹೊಲ-ಮನೆಗಳ ರಕ್ಷಣೆಗೆಂದು ಪರವಾನಿಗೆ ಪಡೆದು ಅವರು ಒಂದು ರಿವಾಲ್ವರನ್ನು ಇಟ್ಟುಕೊಂಡಿರುವರು. ಬೆಳಿಗ್ಗೆ ಓಡುವ ರೂಢಿಯೂ, ಸಂಜೆ ಹುಡುಗರೊಡನೆ ಕಬಡ್ಡಿಯಾಡುವ ಹುರುಪೂ ಅವರಿಗುಂಟು. ಓಡುವಾಗಲೂ ಜಿಗಿಯುವಾಗಲೂ ಆಯುಧವನ್ನು ಪರರ ಕಣ್ಣಿಗೆ ಬೀಳದಂತೆ ಮೈಮೇಲೆ ಭದ್ರವಾಗಿ ಇಟ್ಟುಕೊಳ್ಳುವ ಬಗೆ ಯಾವದು ಎಂಬದು ಅವರ ಪ್ರಶ್ನೆ. ಅಡಿಗೆ, ಆರೋಗ್ಯ, ಮಕ್ಕಳ ಓದು ಇವುಗಳ ನಡುವೆ ಇಂಥ ವಿಷಯಕ್ಕೆ ಎಡೆಯೆಲ್ಲಿ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಆಯುಧವು ಯಾವ ಮನೆಯಲ್ಲಿರುವದೋ ಆ ಮನೆಯ ಹೆಂಗಸರು ಮಕ್ಕಳೆಲ್ಲರ ಕ್ಷೇಮವೂ ಅದರೊಡನೆ ಹೆಣೆದುಕೊಂಡಿರುವದು. ಆದ್ದರಿಂದ ಇದು ಗೃಹಸ್ಥಧರ್ಮದ ಪ್ರಶ್ನೆಯೇ ಸರಿ.

ಕನ್ನಡ ನಾಡಿನಲ್ಲಿ ಆಯುಧವೆಂಬದು ಬಹುಕಾಲದಿಂದ ಮಾನದ ಮಾತಾಗಿ ಬಂದಿದೆ. 1857ರಲ್ಲಿ ಇಂಗ್ಲಿಷರು ಜನರ ಕೈಯ ಆಯುಧಗಳನ್ನು ಕಿತ್ತುಕೊಳ್ಳುವ ಕಾಯದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲೊಲ್ಲೆವೆಂದು ನಿಂತರು. ಊರು ಸುಟ್ಟುಹೋಯಿತು, ಅನೇಕರು ಪ್ರಾಣ ತೆತ್ತರು. ಅತ್ತ ಕೊಡಗಿನಲ್ಲಿ 1861ರಲ್ಲಿ ಕೊಡವರಿಗೆ ಆಯುಧದ ಕಾಯದೆಯಿಂದ ವಿನಾಯಿತಿ ದೊರೆಯಿತು. ಆ ವಿನಾಯಿತಿಯು ಇಂದಿಗೂ ನಡೆದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಇಂಥ ನಾಡಿನಲ್ಲಿ ಒಬ್ಬನಿಗೆ ತನ್ನ ಆಯುಧವನ್ನು ಬಿಟ್ಟು ಹೊರಗೆ ಕಾಲಿಡಲಿಕ್ಕೆ ಮನಸ್ಸಾಗದಿದ್ದರೆ ನಾವು ಅವನನ್ನು ಹಳಿಯುವದಿಲ್ಲ. ಆದರೆ ಆಯುಧದ ಮಾನವು ಅದನ್ನು ಧರಿಸುವ ಶಿಸ್ತಿನಲ್ಲಿದೆಯಲ್ಲದೆ, ಎಲ್ಲೆಂದರಲ್ಲಿ ಧರಿಸುವದರಲ್ಲಿಲ್ಲ.

ಈ ಶಿಸ್ತನ್ನು ಕಲಿಯಲಿಕ್ಕೆ ಕೊಡವರ ಉಡುಗೆಯನ್ನೇ ನೋಡಬಹುದು. ಕಪ್ಪು ಕುಪ್ಪಸದ ಮೇಲೆ ನಡುವಿಗೆ ಬಿಗಿದ ಕೆಂಪು ಚೇಲೆಯಲ್ಲಿ, ಮುಂಭಾಗಕ್ಕೆ, ಬೆಳ್ಳಿಯ ಕಟ್ಟಿನ ಒರೆಯೊಳಗೆ ಪೀಚೆಕತ್ತಿಯು ಇರುವದು. ಅಗಲವಾದ ಒಡಿಕತ್ತಿಗಾದರೋ ಒರೆಯೇ ಇಲ್ಲ. ಅದನ್ನು ಬೆನ್ನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆಗೆ ಸಿಕ್ಕಿಸುವರು. ಒಂದೊಂದು ಆಯುಧಕ್ಕೂ ಅದರ ಆಕಾರಕ್ಕೆ ತಕ್ಕ ಬೇರೆ ನೆಲೆಯುಂಟೆಂಬದನ್ನು ಗಮನಿಸಬೇಕು. ಅಂಗಿಯ ಜೇಬಿಗೆ ತುರುಕುವದು, ಧೋತರದ ಗಂಟಿಗೆ ಸಿಕ್ಕಿಸುವದು ಅಲ್ಲಿಯ ಹಿರಿಯರ ಪದ್ಧತಿಯಲ್ಲ.

ಸಂಸ್ಕೃತದಲ್ಲಿ ಒರೆಗೆ ಕೋಶವೆಂದು ಹೆಸರು. ಅರಸನ ಭಂಡಾರವೂ ಕೋಶ, ಶಬ್ದಗಳ ಸಂಗ್ರಹವೂ ಕೋಶ, ಹೂವಿನ ಮೊಗ್ಗೂ ಕೋಶ. ಒಳಗಿನದನ್ನು ಕಾಪಾಡಿ, ಹೊತ್ತಿಗೆ ಮುಂಚೆ ಹೊರಬೀಳದಂತೆ ತಡೆಯುವದಕ್ಕೆಲ್ಲ ಈ ಒಂದೇ ಶಬ್ದ ಸಲ್ಲುವದು. ಬಂದೂಕಿನ ಒರೆಯ ಕೆಲಸವೂ ಇದೇ.

ಇನ್ನು ಒರೆಯ ಲಕ್ಷಣಗಳನ್ನು ಹೇಳುವೆವು. ಮೊದಲನೆಯದು, ಬೆರಳಿನಿಂದೆಳೆಯುವ ಟ್ರಿಗರು ಪೂರ್ತಿಯಾಗಿ ಗಟ್ಟಿ ತೊಗಲಿನೊಳಗೆ ಅಡಗಿರಬೇಕು. ಟ್ರಿಗರಿಗೆ ಎಳೆಯುವದು ಬೆರಳೋ, ಅಂಗಿಯ ಅಂಚೋ, ಇಜಾರದ ಲಾಡಿಯೋ ಎಂಬ ವಿವೇಚನೆ ಇಲ್ಲ. ಯಾವದು ಎಳೆದರೂ ಗುಂಡು ಹಾರುವದು. ಎರಡನೆಯದು, ಒರೆಯ ಬಾಯಿಗೆ ಪಟ್ಟಿ ಇಲ್ಲವೆ ಬಿಗಿಯಾದ ಹಿಡಿತವಿರಬೇಕು. ಮೈ ತಲೆಕೆಳಗಾದರೂ ಆಯುಧವು ಜಾರಬಾರದು. ಮೂರನೆಯದು, ಆ ಒರೆಯನ್ನು ಅಗಲವಾದ, ಬಾಗದ ನಡುಪಟ್ಟಿಗೆ ಕಟ್ಟಬೇಕು. ಸ್ತ್ರೀಯರನ್ನು ಮನಸ್ಸಿನಲ್ಲಿಟ್ಟುಕೊಂಡು ಕಾನಪುರದ ಸರಕಾರಿ ಕಾರಖಾನೆಯು 2014ರಲ್ಲಿ ಹೊರತಂದ 'ನಿರ್ಭೀಕ' ಎಂಬ ಹಗುರಾದ ರಿವಾಲ್ವರು ಕೂಡ ಸುಮಾರು 500 ಗ್ರಾಂ ತೂಗುವದು. ಅರ್ಧ ಕಿಲೋ ತೂಕವನ್ನು ಓಟದ ಚಡ್ಡಿಯ ರಬ್ಬರು ಪಟ್ಟಿಯು ತಡೆದುಕೊಳ್ಳಲಾರದು. ಹೆಜ್ಜೆಹೆಜ್ಜೆಗೂ ಅದು ತೂಗಾಡಿ, ಕೊನೆಗೆ ನೆಲ ಕಾಣುವದು.

ನೆಲಕ್ಕೆ ಬಿದ್ದಾಗ ಏನಾಗುವದೆಂಬದು ಆಯುಧದ ಮಾದರಿಯನ್ನು ಅವಲಂಬಿಸಿದೆ. ಹಳೆಯ ಕೆಲವು ರಿವಾಲ್ವರುಗಳಲ್ಲಿ ಹಿಂದಣ ಸುತ್ತಿಗೆಯು ಕಾಡತೂಸಿನ ಬೆನ್ನಿಗೇ ತಾಗಿಕೊಂಡಿರುವದು. ಬಿದ್ದ ಪೆಟ್ಟು ಸುತ್ತಿಗೆಗೆ ತಗಲಿದರೆ ಯಾರೂ ಟ್ರಿಗರು ಮುಟ್ಟದೆಯೇ ಗುಂಡು ಸಿಡಿಯಬಹುದು. ಇದಕ್ಕಾಗಿಯೇ ಬಲ್ಲವರು ಸುತ್ತಿಗೆಯ ಕೆಳಗಿನ ಮನೆಯನ್ನು ಬರಿದಾಗಿ ಬಿಡುತ್ತಿದ್ದರು. ಹೊಸ ಮಾದರಿಗಳಲ್ಲಿ ಇದಕ್ಕೆ ಒಳಗಡೆಯೇ ತಡೆಯುಂಟಾದರೂ, ಯಂತ್ರದ ತಡೆಯನ್ನು ನಂಬಿ ಎಚ್ಚರವನ್ನು ಬಿಡಲಾಗದು. ಬೀಳುತ್ತಿರುವ ಆಯುಧವನ್ನು ಗಾಳಿಯಲ್ಲಿ ಹಿಡಿಯಲಿಕ್ಕೆಂದೂ ಹೋಗಬಾರದು. ಅವಸರದ ಬೆರಳು ಟ್ರಿಗರಿಗೇ ಸಿಕ್ಕುವದು. ಬೆವರಿನ ಸಂಗತಿಯೂ ಒಂದುಂಟು. ಬೆವರಿನೊಳಗಿನ ಉಪ್ಪು ಉಕ್ಕಿಗೆ ಶತ್ರು. ನೆನೆದ ತೊಗಲು ಆ ತೇವವನ್ನು ಹಿಡಿದಿಡುವದು. ಆದಕಾರಣ ಮನೆಗೆ ಬಂದ ಕೂಡಲೆ ಕಾಡತೂಸುಗಳನ್ನು ತೆಗೆದು, ಆಯುಧವನ್ನು ಒರಸಿ, ಎಣ್ಣೆ ಸವರಿ, ಒರೆಯನ್ನು ಬೇರೆಯಾಗಿ ನೆರಳಿನಲ್ಲಿ ಆರಿಸತಕ್ಕದ್ದು.

ಕಾಯದೆಯ ಮಾತೂ ಇದಕ್ಕೆ ಹೊಂದಿಕೊಂಡೇ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವವನು ಅದನ್ನು ತಕ್ಕ ಒರೆಯಲ್ಲಿ ಇಲ್ಲವೆ ಚೀಲದಲ್ಲಿ ಇಟ್ಟಿರಬೇಕು. ಅದು ಪೂರ್ತಿಯಾಗಿ ಮುಚ್ಚಿರಬೇಕು. ಮತ್ತು ಅದು ಒಯ್ಯುವವನ ಹತೋಟಿಯಲ್ಲಿರಬೇಕು. ಮುಚ್ಚುವದು ಸುಲಭ, ಹತೋಟಿಯಲ್ಲಿಡುವದೇ ಕಠಿಣ. ನಮ್ಮ ಪ್ರಶ್ನಕರ್ತರು ಕೇಳಿದ್ದು ಬಹುಮಟ್ಟಿಗೆ ಮೊದಲನೆಯದನ್ನು ಕುರಿತು. ನಾವು ಹೇಳಬೇಕಾದದ್ದು ಎರಡನೆಯದನ್ನು ಕುರಿತು.

ಕಬಡ್ಡಿಯಲ್ಲಿ ಏನು ನಡೆಯುವದು? ಏಳು ಜನರು ಒಬ್ಬನ ಮೇಲೆ ಬಿದ್ದು ಕಾಲು, ನಡು, ತೋಳು ಸಿಕ್ಕಿದ್ದನ್ನು ಹಿಡಿದೆಳೆಯುವರು. ಅಲ್ಲಿ ನಮ್ಮ ನಡುವು ನಮ್ಮ ಹತೋಟಿಯಲ್ಲಿರುವದಿಲ್ಲ. ಹಾಗಿರುವಾಗ ನಡುವಿನ ಆಯುಧವು ಹೇಗೆ ಇದ್ದೀತು? ಅದನ್ನು ಹಿಡಿದೆಳೆಯುವ ಕೈ ಹದಿನಾರು ವರ್ಷದ ಹುಡುಗನದಾಗಿರಬಹುದು; ಅಂಗಿಯ ಕೆಳಗೆ ಏನಿದೆಯೆಂಬದು ಆ ಹುಡುಗನಿಗೆ ತಿಳಿದಿರುವದಿಲ್ಲ. ಗರಡಿಯ ಮರ್ಯಾದೆಯನ್ನು ನೋಡಿರಿ. ಜಾತ್ರೆಯ ಕುಸ್ತಿಗೆ ಇಳಿಯುವ ಪೈಲವಾನನು ಲಂಗೋಟಿಯ ಹೊರತು ಏನನ್ನೂ ಮೈಮೇಲೆ ಉಳಿಸಿಕೊಳ್ಳುವದಿಲ್ಲ; ಬೆರಳಿನ ಉಂಗುರವನ್ನು ಕೂಡ ತೆಗೆದಿಟ್ಟು ಮಣ್ಣಿಗೆ ನಮಸ್ಕರಿಸುವನು. ಎದುರಾಳಿಯ ಮೈಗೆ ಗಾಯವಾಗಬಾರದೆಂಬ ವಿವೇಕವದು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುವರಷ್ಟೆ. ಹಾಗೆಯೇ ಒಂದು ಮೈಯಲ್ಲಿ ಆಟವೂ ಆಯುಧವೂ ಏಕಕಾಲಕ್ಕೆ ಇರಲಾರವು.

ಬಂದೂಕು ಹೊತ್ತು ಓಡುವ ಆಟವೇ ಇಲ್ಲವೇ ಎಂದು ಕೇಳಬಹುದು. ಉಂಟು. ಹಿಮದ ದೇಶಗಳಲ್ಲಿ ಬಯಾಥ್ಲಾನ್ ಎಂಬ ಸ್ಪರ್ಧೆಯಿದೆ. 1960ರಿಂದ ಚಳಿಗಾಲದ ಒಲಿಂಪಿಕ್ ಆಟಗಳಲ್ಲಿ ಸೇರಿದೆ. ಸ್ಪರ್ಧಿಗಳು ಕನಿಷ್ಠ ಮೂರೂವರೆ ಕಿಲೋ ತೂಕದ ಬಂದೂಕನ್ನು ಬೆನ್ನಿಗೆ ಎರಡು ಪಟ್ಟಿಗಳಿಂದ ಬಿಗಿದುಕೊಂಡು ಹಿಮದ ಮೇಲೆ ಜಾರುತ್ತ ಸಾಗುವರು. ಆದರೆ ಸಾಗುವಷ್ಟು ಹೊತ್ತೂ ಬಂದೂಕಿನ ಗುಂಡಿನ ಮನೆ ಬರಿದಾಗಿರುವದು. ಗುರಿಯ ಎದುರಿಗೆ ನಿಂತ ಮೇಲೆಯೇ ಅದನ್ನು ತುಂಬುವರು. ಓಟಕ್ಕೊಂದು ಹೊತ್ತು, ಗುಂಡಿಗೊಂದು ಹೊತ್ತು, ಎರಡನ್ನೂ ಬೆರೆಸುವದಿಲ್ಲ.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿಯೂ ಈ ಕ್ರಮವನ್ನೇ ಕಾಣುವೆವು. ಗದ್ದೆಯ ನಾಟಿ ಮುಗಿದ ಬಳಿಕ, ಸಪ್ಟೆಂಬರ ತಿಂಗಳ ಆರಂಭದಲ್ಲಿ, ಬಂದೂಕು-ಕತ್ತಿಗಳನ್ನು ತೊಳೆದು ಬೆಳಗಿ ದೇವರ ಮುಂದಿಟ್ಟು, ತೋಕ್ ಪೂವೆಂಬ ಹೂವಿನಿಂದ ಅಲಂಕರಿಸಿ ಪೂಜಿಸುವರು. ತೋಕ್ ಎಂದರೆ ಬಂದೂಕು, ಪೂ ಎಂದರೆ ಹೂವು. ಪೂಜೆಯ ತರುವಾಯ ಎಲ್ಲರೂ ಬಯಲಿಗೆ ಬಂದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವರು. ಆಯುಧದ ಆಟವು ಹೀಗೆ ಬಹಿರಂಗವಾಗಿ, ಹಿರಿಯರ ಕಣ್ಣೆದುರಿಗೆ, ಒಂದು ಗುರಿಯ ಮುಂದೆ ನಡೆಯುವದು.

ಆದುದರಿಂದ ಪ್ರಶ್ನಕರ್ತರಿಗೆ ನಮ್ಮ ಉತ್ತರವಿದು. ನಡಿಗೆಗೆ ಒಯ್ಯಲೇಬೇಕಾದರೆ ಮೇಲೆ ಹೇಳಿದ ಒರೆಯಲ್ಲಿ, ಮೇಲೊಂದು ಸಡಿಲ ಅಂಗಿ ಮುಚ್ಚಿಕೊಂಡು, ನಡೆದೇ ಹೋಗಿರಿ. ಓಡುವ ದಿನ, ಆಡುವ ದಿನ ಅದನ್ನು ಮನೆಯಲ್ಲಿ ಬಿಡಿರಿ. ಮೈದಾನದ ಅಂಚಿನಲ್ಲಿ ಕಳಚಿಟ್ಟ ಅಂಗಿಯ ಕೆಳಗಾಗಲಿ, ಮೋಟರ ಸೈಕಲ್ಲಿನ ಪೆಟ್ಟಿಗೆಯಲ್ಲಾಗಲಿ ಬಿಡುವದು ಸರ್ವಥಾ ಸಲ್ಲದು; ಅಲ್ಲಿಂದ ಅದನ್ನು ಮೊದಲು ಕೈಗೆತ್ತಿಕೊಳ್ಳುವವರು ಮಕ್ಕಳೇ. ಮನೆಯಲ್ಲಿ ಆಯುಧಕ್ಕೊಂದು ಕೀಲಿ, ಕಾಡತೂಸಿಗೆ ಬೇರೊಂದು ಕೀಲಿ ಇರಲಿ. ಓಡುವ ದಾರಿಯಲ್ಲಿ ನಿಜವಾಗಿಯೂ ಭಯವಿದ್ದರೆ ದಾರಿಯನ್ನು ಬದಲಿಸಿರಿ, ಬೆಳಕು ಹರಿದ ಮೇಲೆ ಹೊರಡಿರಿ, ಇಬ್ಬರು ಜೊತೆಗಾರರನ್ನು ಕರೆದುಕೊಳ್ಳಿರಿ. ಜೊತೆಗಾರನು ಬಿದ್ದರೆ ಎದ್ದು ನಿಲ್ಲುವನು. ಸಿಡಿದ ಗುಂಡು ತಿರುಗಿ ಒರೆಗೆ ಬರುವದಿಲ್ಲ.