ಬಾಗಿಲು ಮುಂದೆ ಮಾಡಿಕೊಂಡು ಓದಿದ್ದು

ಕೃಷ್ಣಮೂರ್ತಿ ಪುರಾಣಿಕರು ಹುಟ್ಟಿದ್ದು 1911ರಲ್ಲಿ, ನಮ್ಮ ಬೀಳಗಿಯಲ್ಲಿ. ಮಾಸ್ತರಿಕೆ ಮಾಡಿದ್ದು ಗೋಕಾಕದಲ್ಲಿ. ಅವರ ‘ಧರ್ಮದೇವತೆ’ ಕಾದಂಬರಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಸಿನಿಮಾ ಆಯಿತು, ಮರುವರ್ಷ ‘ಕುಲವಧು’ ತೆರೆಗೆ ಬಂತು. ಅವರದೇ ಕಥೆಯೊಂದು 1977ರಲ್ಲಿ ‘ಸನಾದಿ ಅಪ್ಪಣ್ಣ’ನಾಯಿತು. ರಾಜಕುಮಾರ್ ಅಭಿನಯ, ಬಿಸ್ಮಿಲ್ಲಾ ಖಾನರ ಶಹನಾಯಿ ಎರಡೂ ಜನರಿಗೆ ನೆನಪಿವೆ. ಕಥೆ ಕೊಟ್ಟ ಪುರಾಣಿಕರ ಹೆಸರು ಹೇಳಿದರೆ ಬೀಳಗಿಯ ಕಾಲೇಜು ಹುಡುಗರೇ ಮಿಕಿಮಿಕಿ ನೋಡುತ್ತಾರೆ.

ಈ ಸಂಚಿಕೆಗಾಗಿ ಪುರಾಣಿಕರಂಥವರ ಪ್ರೇಮಕಾದಂಬರಿಗಳ ಬಗ್ಗೆ ಬರೆದುಕೊಡಿ ಎಂದಾಗ ಕೆಲವು ವಿದ್ವಾಂಸರು ನಕ್ಕುಬಿಟ್ಟರು. ‘ಅಡುಗೆಮನೆ ಸಾಹಿತ್ಯ’ ಎಂಬ ಹಳೆಯ ಬಿರುದು ಇನ್ನೂ ಚಾಲ್ತಿಯಲ್ಲಿದೆ. ತ್ರಿವೇಣಿ, ವಾಣಿ, ಸಾಯಿಸುತೆ ಎಲ್ಲರಿಗೂ ಅದೇ ಒಂದು ಚೀಟಿ. ಮನುಷ್ಯರ ಮನಸ್ಸಿನ ಕಾಯಿಲೆಯನ್ನು ‘ಶರಪಂಜರ’ದಲ್ಲಿ ಅಷ್ಟು ನಿಷ್ಠುರವಾಗಿ ತೆರೆದಿಟ್ಟ ತ್ರಿವೇಣಿಗೂ ಸಹ.

ಪ್ರೀತಿಯ ಕಥೆ ಎಂದರೆ ನಮ್ಮ ಕಡೆಯ ಹಿರಿಯರಿಗೆ ಮುಜುಗರವಿತ್ತೇ? ಇರಲಿಲ್ಲ. ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ ಆಟವನ್ನು ಮುಧೋಳ, ಜಮಖಂಡಿ ಸೀಮೆಯ ಹಳ್ಳಿಗಳು ಬೆಳತನಕ ಕೂತು ನೋಡಿವೆ. ಸತ್ಯಭಾಮೆಯ ಮುನಿಸು, ಸವತಿಯ ಮೇಲಿನ ಹೊಟ್ಟೆಕಿಚ್ಚು, ಕೃಷ್ಣ ಅವಳನ್ನು ರಮಿಸುವ ಪರಿ, ಎಲ್ಲವನ್ನೂ ಅತ್ತೆ-ಸೊಸೆ ಒಂದೇ ಚಾಪೆಯ ಮೇಲೆ ಕೂತು ಸವಿದಿದ್ದಾರೆ. ಅದೇ ಸೊಸೆ ಮರುದಿನ ಕಾದಂಬರಿ ಹಿಡಿದರೆ ಮಾತ್ರ ‘ಮನೀ ಕೆಲಸ ಯಾರು ಮಾಡಬೇಕ’ ಎಂಬ ಮಾತು. ಆಟ ಹತ್ತು ಜನರ ನಡುವೆ ನಡೆಯುವಂಥದ್ದು. ಪುಸ್ತಕ ಹಿಡಿದವಳು ಒಬ್ಬಳೇ ಇರುತ್ತಾಳೆ, ಬಾಗಿಲು ಮುಂದೆ ಮಾಡಿಕೊಂಡು. ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಏನು ನಡೆದಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸಿಟ್ಟು ಇದ್ದದ್ದು ಅದರ ಮೇಲೆ ಎಂದು ನನ್ನ ಅನಿಸಿಕೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಂತೂ ಕೂತು ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಮಗ್ಗದ ಸದ್ದು, ಸುತ್ತಿ ಮುಗಿಯದ ನೂಲಿನ ಕಂಡಿಕಿ. ಆದರೂ ಓದಿದ್ದಾರೆ. ಬಾಡಿಗೆ ಲೈಬ್ರರಿಯಿಂದ ಬಂದು ಮನೆಯಿಂದ ಮನೆಗೆ ದಾಟಿದ ಒಂದು ಕಾದಂಬರಿಯ ಪ್ರತಿ ನನ್ನ ಮೇಜಿನ ಮೇಲಿದೆ. ಮೊದಲ ಪುಟಗಳಿಲ್ಲ, ರಟ್ಟಿಗೆ ಪೇಪರಿನ ಹೊದಿಕೆ. ನಾಯಕಿ ತವರಿಗೆ ಹೊರಡುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ‘ಅಳಬ್ಯಾಡ್ರಿ, ಕಡೀಕ ಕೂಡ್ತಾರ’ ಎಂದು ಬರೆದಿದ್ದಾರೆ. ಕೆಳಗೆ ಬೇರೆ ಕೈಬರಹ: ‘ಮೊದಲ ಯಾಕ ಹೇಳಿದಿ?’

ಅಂಚಿನ ಗೆರೆಗಳನ್ನು ನೋಡುತ್ತ ಹೋದರೆ ಇನ್ನೊಂದು ತಿಳಿಯುತ್ತದೆ. ಹೆಚ್ಚು ಗೆರೆ ಬಿದ್ದಿರುವುದು ಗಂಡ-ಹೆಂಡಿರ ಏಕಾಂತದ ಮಾತಿಗಲ್ಲ. ತುಂಬಿದ ಮನೆಯಲ್ಲಿ, ತಾಯಿಯ ಎದುರು, ಗಂಡನಾದವನು ಹೆಂಡತಿಯ ಪರವಾಗಿ ಬಾಯಿ ಬಿಡುವ ಕಡೆ. ನಮ್ಮ ಸೀಮೆಯ ಪ್ರಣಯದ ತುತ್ತತುದಿ ಅದೇ ಇರಬೇಕು.

ಹಾಗೆಂದು ಈ ಕಾದಂಬರಿಗಳಿಗೆಲ್ಲ ಆರತಿ ಎತ್ತಬೇಕಿಲ್ಲ. ಸಹಿಸಿ ಸಹಿಸಿ ಗೆಲ್ಲುವ ನಾಯಕಿಯರನ್ನು ಓದುತ್ತ ನನಗೂ ರೇಗಿದೆ. ಕಡೆಯ ಅಧ್ಯಾಯದಲ್ಲಿ ಅತ್ತೆಯ ಮನಸ್ಸು ಬೆಣ್ಣೆಯಾಗುವುದು ಲೇಖಕರ ಅನುಕೂಲಕ್ಕೆ. ಅದನ್ನು ಓದಿ ಜಗಳಾಡೋಣ. ಪುಸ್ತಕ ತೆರೆಯದೆಯೇ ಮೂಗು ಮುರಿಯುವವರ ಜೊತೆ ಜಗಳಕ್ಕೂ ಜಾಗವಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಇಂಥ ಪ್ರತಿಗಳಿದ್ದರೆ ರದ್ದಿಗೆ ಹಾಕಬೇಡಿ. ಅಂಚಿನಲ್ಲಿ ಬರಹವಿದ್ದರೆ ಆ ಪುಟದ ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬರೆದವರ ಹೆಸರು ಬೇಡ.