ಜಾಣ ಮಗುವಿನ ಬಿಡುವು

ಮನೆಯಲ್ಲಿ ಮಗುವೊಂದು ಮಗ್ಗಿಯನ್ನು ತುಸು ಬೇಗ ಒಪ್ಪಿಸಿತೆಂದರೆ, ಅಂದಿನಿಂದಲೇ ಅದರ ಬಿಡುವಿಗೆ ಸಂಚಕಾರ ಬಂತೆಂದು ತಿಳಿಯಬೇಕು. ಸೋಮವಾರ ಅಬಾಕಸ್, ಬುಧವಾರ ಚದುರಂಗ, ಶನಿವಾರ ಸಂಗೀತ, ಭಾನುವಾರ ಒಲಿಂಪಿಯಾಡ್ ಪರೀಕ್ಷೆಯ ಸಿದ್ಧತೆ. ನೆಂಟರು ಬಂದಾಗ ಪ್ರದರ್ಶನ ಬೇರೆ! ಓದಿನಲ್ಲಿ ಸಾಧಾರಣನಾದ ಅಣ್ಣ ಬೀದಿಯಲ್ಲಿ ಲಗೋರಿ ಆಡುತ್ತಿರುತ್ತಾನೆ. ಜಾಣೆಯಾದ ತಂಗಿ ಕಿಟಕಿಯಿಂದ ಅವನನ್ನು ನೋಡುತ್ತ ಲೆಕ್ಕ ಬಿಡಿಸುತ್ತಿರುತ್ತಾಳೆ. ಇದು ಜಾಣತನಕ್ಕೆ ಸಂದ ಬಹುಮಾನವೋ, ವಿಧಿಸಿದ ದಂಡವೋ?

ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳ ಪೈಪೋಟಿಯನ್ನು ಕಂಡ ತಾಯ್ತಂದೆಯರ ಕಳವಳ ನಮಗೆ ತಿಳಿಯದ್ದೇನಲ್ಲ. ಆದರೆ ಹೇಳಿಕೊಟ್ಟದ್ದನ್ನು ಬೇಗ ಗ್ರಹಿಸುವುದು ಒಂದು ಶಕ್ತಿ. ಯಾರೂ ಹೇಳಿಕೊಡದ ಸಂಗತಿಯೊಂದರ ಬೆನ್ನು ಹತ್ತುವುದು ಬೇರೆಯೇ ಶಕ್ತಿ. ಮೊದಲನೆಯದನ್ನು ತರಗತಿಗಳು ಬೆಳೆಸಿಯಾವು. ಎರಡನೆಯದು ಮೊಳೆಯಲು ಖಾಲಿ ಹೊತ್ತು ಬೇಕು.

ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣ್ ಅವರ ತಂದೆ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಮಗನಾದರೋ ಓದು ಬರಹ ಕಲಿಯುವ ಮುನ್ನವೇ ಮನೆಯ ನೆಲ, ಗೋಡೆಗಳ ಮೇಲೆ ಗೀಚತೊಡಗಿದ್ದವರು. ಕಾಗೆ ಅವರಿಗೆ ಅತಿ ಪ್ರಿಯವಾದ ವಸ್ತು. ಅದು ಕತ್ತು ಕೊಂಕಿಸುವ ಬಗೆ, ಕುಪ್ಪಳಿಸುವ ಬಗೆ, ಕದಿಯಲು ಹೊಂಚುವ ಬಗೆಗಳನ್ನು ಯಾವ ಪಠ್ಯಪುಸ್ತಕ ತೋರಿಸೀತು? ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಆದರೂ 1951ರಲ್ಲಿ ಆರಂಭವಾದ ಅವರ ‘ಯೂ ಸೆಡ್ ಇಟ್’ ಅಂಕಣದ ಶ್ರೀಸಾಮಾನ್ಯನನ್ನು ದಶಕಗಳ ಕಾಲ ನಾಡೇ ಬೆಳಗಿನ ಪತ್ರಿಕೆಯಲ್ಲಿ ಅರಸಿತು. ಕಾಗೆಯನ್ನು ನೋಡುತ್ತ ಕುಳಿತ ಹುಡುಗನನ್ನು ಇಂದು ನಾವು ಹತ್ತು ನಿಮಿಷವಾದರೂ ಸುಮ್ಮನೆ ಬಿಟ್ಟೇವೆಯೆ? ಬಿಟ್ಟ ಮಕ್ಕಳೆಲ್ಲ ಲಕ್ಷ್ಮಣ್ ಆಗುವರೆಂದಲ್ಲ, ಆಗಬೇಕಾಗಿಯೂ ಇಲ್ಲ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ವಿರಾಮವನ್ನೂ ಆಟವನ್ನೂ ಮಗುವಿನ ಹಕ್ಕೆಂದು ಸಾರಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಮನೆಯ ವೇಳಾಪಟ್ಟಿ ಇನ್ನೂ ಒಪ್ಪಿಕೊಂಡಂತಿಲ್ಲ!

ಬಿಡುವೆಂದರೆ ಮೊಬೈಲನ್ನು ಕೈಗಿಡುವುದಲ್ಲ. ಅಲ್ಲಿಯೂ ಮುಂದೇನೆಂಬುದನ್ನು ಬೇರೆಯವರೇ ನಿರ್ಧರಿಸುತ್ತಾರೆ. ಕೆಟ್ಟುನಿಂತ ಗಡಿಯಾರ, ಹಳೆಯ ರಟ್ಟಿನ ಪೆಟ್ಟಿಗೆ, ದಾರದುಂಡೆ, ಒಂದಿಷ್ಟು ಮಣ್ಣು ಇದ್ದರೆ ಬೇಕಾದಷ್ಟಾಯಿತು. ಅಂಗಳವಿಲ್ಲದ ಮನೆಗಳಲ್ಲಿ ಮಾಳಿಗೆಯಾದರೂ ಇದ್ದೀತು. ದೊಡ್ಡವರ ಕಣ್ಣು ದೂರದಿಂದ ಕಾದಿದ್ದರೆ ಸಾಕು. ಮೊದಲ ಕೆಲವು ದಿನ ಮಗು “ಬೇಜಾರು” ಎಂದು ಸೆರಗು ಹಿಡಿದು ಜಗ್ಗಬಹುದು. ತಾಯಂದಿರು ಆಗ ಗಾಬರಿಗೊಂಡು ಹೊಸದೊಂದು ತರಗತಿಗೆ ಸೇರಿಸಬಾರದು. ಆ ಬೇಜಾರನ್ನು ಕಳೆಯುವ ದಾರಿಯನ್ನು ಅದೇ ಹುಡುಕಿಕೊಳ್ಳಲಿ.

ಸಂಜೆ ಮೈಕೈ ಕೆಸರು ಮಾಡಿಕೊಂಡು ಬಂದಾಗ “ಇವತ್ತು ಏನು ಕಲಿತೆ?” ಎಂಬ ವಿಚಾರಣೆಯೂ ಬೇಡ. ಕೈಕಾಲು ತೊಳೆಸಿ ಊಟಕ್ಕೆ ಬಡಿಸಿದರಾಯಿತು. ಹೇಳಬೇಕೆನಿಸಿದರೆ ಅದೇ ಹೇಳೀತು.