18-0-18 ಮತ್ತು ಅಜ್ಜಿಯ ಹಸೆ ಹಾಡು

ಹೋದ ತಿಂಗಳು ಒಂದು ಶನಿವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಬಾಡಿಗೆ ಮನೆಯಲ್ಲಿ ಪಟಾಕಿ ಹೊಡೆದಂಥ ಸದ್ದಾಯಿತು. ಪಕ್ಕದ ಮನೆ ಆಂಟಿ ಓಡಿ ಬಂದು ಬಾಗಿಲು ತಟ್ಟಿದರು. "ಏನಮ್ಮಾ, ಕುಕ್ಕರ್ ಸಿಡೀತಾ?" "ಇಲ್ಲ ಆಂಟಿ, ಕೆಪಾಸಿಟರ್" ಅಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಕೋಣೆ ತುಂಬ ಕೆಟ್ಟ ವಾಸನೆ, ಗೋಡೆ ಮೇಲೆ ಒದ್ದೆ ಕಾಗದದ ಚೂರುಗಳು. ಸದ್ದಾಗುವ ಹತ್ತು ಸೆಕೆಂಡ್ ಮೊದಲು ನಾನು ಆ ಬೋರ್ಡಿನ ಮೇಲೆ ಮುಖ ಬಗ್ಗಿಸಿಕೊಂಡು ಕೂತಿದ್ದೆ. ನೀರು ಕುಡಿಯಲು ಎದ್ದಿದ್ದಕ್ಕೆ ಕಣ್ಣು ಉಳಿಯಿತು.

ಕಥೆ ಶುರುವಾಗಿದ್ದು ಸಾಗರದ ಮನೆಯ ಅಟ್ಟದಲ್ಲಿ. ಅಪ್ಪ ಮದುವೆಗೆ ಮುಂಚೆ ಕೊಂಡ ಎರಡು ಸ್ಪೀಕರ್ ಡಬ್ಬಿಗಳು ಅಲ್ಲಿದ್ದವು, 8 ಓಮ್‌ನವು. ಅವುಗಳ ಆಂಪ್ಲಿಫೈಯರ್ ಯಾವತ್ತೋ ಸತ್ತು ಗುಜರಿಗೆ ಹೋಗಿತ್ತು. ಜೊತೆಗೆ ಒಂದು ಕ್ಯಾಸೆಟ್: ಅತ್ತೆಯ ಮದುವೆಯಲ್ಲಿ ಅಜ್ಜಿ ಮತ್ತು ಕೇರಿಯ ಹೆಂಗಸರು ಹಾಡಿದ ಹಸೆ ಹಾಡು, ಅಪ್ಪನೇ ರೆಕಾರ್ಡ್ ಮಾಡಿದ್ದು. ನಾನು ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಫೋನಿನಲ್ಲಿ ಕೇಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ, "ಯಾರೋ ಹಾಡಿದ ಹಾಗಿದೆ ಪುಟ್ಟಿ. ಆ ಡಬ್ಬಿಯಲ್ಲಾದರೆ ಅಮ್ಮನ ದನಿ ಗೊತ್ತಾಗ್ತಿತ್ತು" ಅಂದರು.

ಆನ್‌ಲೈನಲ್ಲಿ ಒಂದು ರೆಡಿಮೇಡ್ ಆಂಪ್ ತರಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ತರಿಸಬಹುದಿತ್ತು. ಆದರೆ ಎಲೆಕ್ಟ್ರಾನಿಕ್ಸ್ ಓದಿ, ಆರು ವರ್ಷದಿಂದ ಬರೀ ಮೀಟಿಂಗ್ ಮತ್ತು ಸ್ಪ್ರೆಡ್‌ಶೀಟಿನಲ್ಲೇ ಬದುಕುತ್ತಿರುವವಳಿಗೆ ಒಮ್ಮೆಯಾದರೂ ಸೋಲ್ಡರಿಂಗ್ ಐರನ್ ಹಿಡಿಯಬೇಕು ಅನ್ನಿಸುವುದಿಲ್ಲವಾ?

ಎಲ್‌ಎಂ1875 ಎಂಬ ಐದು ಕಾಲಿನ ಐಸಿ ಆರಿಸಿಕೊಂಡೆ. ಪ್ಲಸ್ 25, ಮೈನಸ್ 25 ವೋಲ್ಟ್ ಕೊಟ್ಟರೆ ಒಂದು ಸ್ಪೀಕರಿಗೆ 20 ವ್ಯಾಟ್ ಕೊಡುತ್ತದೆ, ಹಾಲ್‌ಗೆ ಬೇಕಾದಷ್ಟಾಯಿತು. ಐಸಿ ಭಾಗ ಒಂದು ಸಂಜೆಯಲ್ಲಿ ಮುಗಿಯಿತು. ಮೂರು ವಾರ ತಿಂದಿದ್ದು ಅದಕ್ಕೆ ಕರೆಂಟ್ ಕೊಡುವ ಪವರ್ ಸಪ್ಲೈ.

ಮೈನಸ್ ವೋಲ್ಟ್ ಯಾಕೆ ಬೇಕು? ಜೋಕಾಲಿ ನೆನಪು ಮಾಡಿಕೊಳ್ಳಿ. ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಬರುತ್ತೆ, ನಡುವೆ ಒಂದು ನಿಂತ ಜಾಗ ಇರುತ್ತೆ. ಹಾಡಿನ ಸಿಗ್ನಲ್ ಕೂಡ ಹಾಗೇ ಸೊನ್ನೆಯ ಆಚೆ ಈಚೆ ತೂಗುತ್ತದೆ. ಬರೀ ಪ್ಲಸ್ ಇದ್ದರೆ ಸಿಗ್ನಲ್ಲನ್ನು ಅರ್ಧ ವೋಲ್ಟೇಜಿಗೆ ಎತ್ತಿ ಕೂರಿಸಿ, ಸ್ಪೀಕರ್ ದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಅಡ್ಡ ಇಟ್ಟು, ಆ ಅರ್ಧವನ್ನು ತಡೆಯಬೇಕು. ಪ್ಲಸ್ಸೂ ಮೈನಸ್ಸೂ ಎರಡೂ ಇದ್ದರೆ ಸ್ಪೀಕರಿನ ಒಂದು ತುದಿ ನೇರ ಐಸಿಗೆ, ಇನ್ನೊಂದು ನೇರ ಸೊನ್ನೆಗೆ. ಸುಲಭ, ಆದರೆ ಅಪಾಯವೂ ಅಲ್ಲೇ. ಎರಡರಲ್ಲಿ ಒಂದು ರೈಲ್ ಕೈಕೊಟ್ಟರೆ ಇನ್ನೊಂದರ ಪೂರ್ತಿ ಡಿಸಿ ಸ್ಪೀಕರಿನ ಕಾಯಿಲ್‌ಗೆ ನುಗ್ಗಿ ಅದನ್ನು ಸುಟ್ಟುಬಿಡಬಹುದು. ಅಪ್ಪನ ಡಬ್ಬಿ ಸುಟ್ಟರೆ ಯಾವ ಅಂಗಡಿಯಲ್ಲಿ ಹುಡುಕಲಿ?

ಎಸ್‌ಪಿ ರೋಡಿಗೆ ಹೋಗಿ "18-0-18 ಟ್ರಾನ್ಸ್‌ಫಾರ್ಮರ್ ಕೊಡಿ" ಅಂದೆ. "ಎಷ್ಟು ಆಂಪ್ ಮೇಡಂ?" "ಮೂರು." ಕೊಟ್ಟರು. ಹೆಗಲಿನ ಬ್ಯಾಗಿನಲ್ಲಿ ತೆಂಗಿನಕಾಯಿ ಹಾಕಿಕೊಂಡ ಹಾಗಿತ್ತು. ಹೊಸಬರು ಎಡವುವುದು ಈ 18ರಲ್ಲಿ. ಅದು ಎಸಿ ಲೆಕ್ಕ. ಡಯೋಡ್ ದಾಟಿ ಕೆಪಾಸಿಟರಿನಲ್ಲಿ ಕೂತಾಗ ಅದು ಸುಮಾರು 1.4 ಪಟ್ಟು, ಅಂದರೆ 25ರ ಆಸುಪಾಸು ಆಗುತ್ತದೆ. ಮೇಲೆ ಏನೂ ಹೊರೆ ಇಲ್ಲದಿದ್ದರೆ ಇನ್ನೂ ಜಾಸ್ತಿ. ನನ್ನ ಮೀಟರ್ 26.8 ತೋರಿಸಿತು. ಟಿಡಿಎ2030 ಅನ್ನುವ ಅಗ್ಗದ ಐಸಿ ಬಳಸುವವರು ಇದನ್ನು ಗಮನಿಸಿ: ಅದರ ಮಿತಿ ಪ್ಲಸ್-ಮೈನಸ್ 18 ವೋಲ್ಟ್. ಅದಕ್ಕೆ 12-0-12 ಸಾಕು. "18 ತಡೆಯುತ್ತಲ್ಲ" ಅಂತ 18-0-18 ಜೋಡಿಸಿದರೆ ಮುಗಿಯಿತು.

ಎರಡು ಹೊರತಂತಿಗಳು ಬ್ರಿಡ್ಜ್ ರೆಕ್ಟಿಫೈಯರಿಗೆ. ನಡುವಿನ ತಂತಿ ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ, ಅದೇ ಸೊನ್ನೆ. ಮೇಲಿನ ಕೆಪಾಸಿಟರಿನ ಪ್ಲಸ್ ಕಾಲು ಪ್ಲಸ್ ರೈಲಿಗೆ. ಕೆಳಗಿನದರ ಪ್ಲಸ್ ಕಾಲು? ಸೊನ್ನೆಗೆ! ಅದರ ಮೈನಸ್ ಕಾಲು ಮೈನಸ್ ರೈಲಿಗೆ ಹೋಗಬೇಕು. ಸೊನ್ನೆ ಅಂದರೆ ನೆಲ, ನೆಲ ಅಂದರೆ ಮೈನಸ್ ಅಂತ ಕೈಗೆ ರೂಢಿ. ಅದೇ ರೂಢಿಯಲ್ಲಿ ಎರಡರ ಮೈನಸ್ಸನ್ನೂ ಸೊನ್ನೆಗೆ ಬೆಸೆದೆ. ಕೆಳಗಿನದು ಉಲ್ಟಾ ಆಯಿತು, ಒಳಗೇ ಕುದಿಯಿತು, ಆಂಟಿ ಬಂದರು.

ಮರುದಿನ ಒಂದು ಹಳೇ ಕಾಲದ ಹಳದಿ ಬಲ್ಬ್ ಹುಡುಕಿ ತಂದೆ, 100 ವ್ಯಾಟಿನದು. ಎಲ್‌ಇಡಿ ಈ ಕೆಲಸಕ್ಕೆ ಆಗುವುದಿಲ್ಲ. ಅದನ್ನು ಮೇನ್ಸ್ ಫೇಸ್ ತಂತಿಗೆ ಸರಣಿಯಲ್ಲಿ ಜೋಡಿಸಿದರೆ, ಮೊದಲ ಸಲ ಆನ್ ಮಾಡುವಾಗ ನಮ್ಮ ತಪ್ಪನ್ನೆಲ್ಲ ಅದು ಹೊತ್ತುಕೊಳ್ಳುತ್ತದೆ. ಒಮ್ಮೆ ಮಿಂಚಿ ಮಂಕಾದರೆ ಸರಿ. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್. ನನ್ನದು ಮುಂದಿನ ಭಾನುವಾರ ಮದುವೆ ಮನೆ ಸೀರಿಯಲ್ ಸೆಟ್ಟಿನ ಹಾಗೆ ಬೆಳಗಿತು. ಕಾರಣ, ಎಲ್‌ಎಂ1875ರ ಬೆನ್ನಿನ ಲೋಹದ ತಗಡು ಒಳಗೇ ಮೈನಸ್ ರೈಲಿಗೆ ಸೇರಿಕೊಂಡಿದೆ. ನಾನು ಅಭ್ರಕದ ಹಾಳೆ ಇಡದೆ ಅದನ್ನು ಹೀಟ್‌ಸಿಂಕಿಗೆ ತಿರುಪು ಹಾಕಿದ್ದೆ. ಹೀಟ್‌ಸಿಂಕ್ ಸೊನ್ನೆಗೆ ಸೇರಿತ್ತು. ಬಲ್ಬ್ ಇಲ್ಲದಿದ್ದರೆ ಆಂಟಿ ಇನ್ನೊಮ್ಮೆ ಬರುತ್ತಿದ್ದರು.

ಇದೆಲ್ಲ ಆಗಿ ಒಂದು ದಿನ ದನಿ ಬಂತು. ಆದರೆ ಅದರ ಕೆಳಗೆ ದುಂಬಿಯ ಹಾಗೆ ಗುಂಯ್ ಅಂತ ಇನ್ನೊಂದು ದನಿ. 50 ಹರ್ಟ್ಸಿನ ಕರೆಂಟ್ ಬ್ರಿಡ್ಜ್ ದಾಟಿದರೆ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬುತ್ತದೆ. ಅದರ ಗುಂಯ್‌ಗುಡುವಿಕೆ 100, 200, 300 ಹರ್ಟ್ಸಿನಲ್ಲೆಲ್ಲ ಕೂರುತ್ತದೆ. ಅಜ್ಜಿಯ ದನಿ ಇರುವುದೂ ಸರಿಯಾಗಿ ಅಲ್ಲೇ.

ಕೆಪಾಸಿಟರ್ ಚಿಕ್ಕದಾಯಿತೇನೋ ಅಂದುಕೊಂಡೆ. ಲೆಕ್ಕ ಹಾಕಿದರೆ 4700 ಮೈಕ್ರೋಫ್ಯಾರಡ್‌ನಲ್ಲಿ 1 ಆಂಪಿಯರ್ ಎಳೆದಾಗ ಸುಮಾರು 2 ವೋಲ್ಟ್ ಏರಿಳಿತ. 10,000 ಹಾಕಿದೆ, ಏರಿಳಿತ 1 ವೋಲ್ಟಿಗೆ ಇಳಿಯಿತು. ಗುಂಯ್ ಇಳಿಯಲಿಲ್ಲ. ರೆಗ್ಯುಲೇಟರ್ ಹಾಕಬೇಕಿತ್ತೇನೋ ಅಂತಲೂ ಅನುಮಾನ ಬಂತು. ಆದರೆ ಇಂಥ ಪವರ್ ಐಸಿಗಳು ರೈಲಿನ ಏರಿಳಿತವನ್ನು ತಾವೇ ಬಹುಪಾಲು ತಡೆದುಕೊಳ್ಳುತ್ತವೆ.

ನಾಲ್ಕು ರಾತ್ರಿ ಕಳೆದ ಮೇಲೆ ಗೊತ್ತಾಯಿತು, ದೋಷ ಸೊನ್ನೆಯಲ್ಲಿತ್ತು. ನಾನು ಆಡಿಯೋ ಇನ್‌ಪುಟ್ಟಿನ ನೆಲವನ್ನು ಕೈಗೆ ಹತ್ತಿರ ಅಂತ ಟ್ರಾನ್ಸ್‌ಫಾರ್ಮರಿನ ನಡುತಂತಿಗೇ ಬೆಸೆದಿದ್ದೆ. ಮೀಟರಿನಲ್ಲಿ ನೋಡಿದರೆ ಎಲ್ಲ ಒಂದೇ ಸೊನ್ನೆ. ಆದರೆ ಟ್ರಾನ್ಸ್‌ಫಾರ್ಮರಿನಿಂದ ಕೆಪಾಸಿಟರಿಗೆ ಹೋಗುವ ಆ ಗೇಣುದ್ದ ತಂತಿಯಲ್ಲಿ ಸೆಕೆಂಡಿಗೆ 100 ಸಲ ದೊಡ್ಡ ಕರೆಂಟ್ ಜಗ್ಗಿಕೊಂಡು ಹೋಗುತ್ತಿರುತ್ತದೆ. ತಂತಿಗೆ ಒಂದಿಷ್ಟು ರೆಸಿಸ್ಟೆನ್ಸ್ ಇದ್ದೇ ಇದೆ. ಹಾಗಾಗಿ ಆ ತುದಿಯ ಸೊನ್ನೆ ಈ ತುದಿಯ ಸೊನ್ನೆಗಿಂತ ಸ್ವಲ್ಪ ಅಲುಗಾಡುತ್ತದೆ, ಆಂಪ್ ಅದನ್ನೂ ಹಾಡು ಅಂತಲೇ ತಿಳಿದು ದೊಡ್ಡದು ಮಾಡುತ್ತದೆ. ಜೋಕಾಲಿ ಕಟ್ಟಿದ ಕೊಂಬೆಯೇ ಅಲ್ಲಾಡಿದ ಹಾಗೆ. ಎರಡು ಕೆಪಾಸಿಟರ್ ಸೇರುವ ಜಾಗದಿಂದ ಒಂದು ಗಿಡ್ಡ ತಂತಿ ತೆಗೆದು, ಅದರ ತುದಿಯಲ್ಲಿ ಸ್ಪೀಕರಿನ ನೆಲ, ಇನ್‌ಪುಟ್ಟಿನ ನೆಲ, ಬೋರ್ಡಿನ ನೆಲ ಎಲ್ಲ ತಂದು ಒಂದೇ ತಿರುಪಿಗೆ ಬಿಗಿದೆ. ಆನ್ ಮಾಡಿದೆ. ಏನೂ ಕೇಳಿಸಲಿಲ್ಲ. ಆಂಪ್ ಸತ್ತಿದೆ ಅಂತ ಹೆದರಿ ಇನ್‌ಪುಟ್ ಪಿನ್ ಮುಟ್ಟಿದರೆ, ಜೋರಾಗಿ ಬುರ್ ಅಂತು. ಬದುಕಿತ್ತು!

ದೀಪಾವಳಿಗೆ ಸಾಗರಕ್ಕೆ ಒಯ್ದೆ. ಡಬ್ಬಿಗೆ ಜೋಡಿಸುವ ಮೊದಲು ಔಟ್‌ಪುಟ್ಟಿನಲ್ಲಿ ಡಿಸಿ ಅಳೆದೆ, ಕೆಲವೇ ಮಿಲಿವೋಲ್ಟ್. ಆಮೇಲೂ ಧೈರ್ಯ ಸಾಲದೆ, ಮೊದಲು ಒಂದು ಗುಜರಿ ಸ್ಪೀಕರಿಗೆ ಹಾಕಿ ನೋಡಿದೆ. ಅಮ್ಮನಿಗೆ ಒಂದೇ ಚಿಂತೆ: "ಶಾಕ್ ಹೊಡೆಯಲ್ಲ ತಾನೆ?" ಲೋಹದ ಪೆಟ್ಟಿಗೆಗೆ ಮೂರು ಪಿನ್ ಪ್ಲಗ್ಗಿನ ಅರ್ತ್ ಕೊಟ್ಟಿದ್ದನ್ನು, ಪ್ರೈಮರಿಯಲ್ಲಿ 1 ಆಂಪ್ ಫ್ಯೂಸ್ ಹಾಕಿದ್ದನ್ನು ತೋರಿಸಿದೆ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿಯುತ್ತೆ ಅಂತ ಪ್ರತಿ ರೈಲಿಗೂ 2.2 ಕಿಲೋ ಓಮ್, 1 ವ್ಯಾಟಿನ ರೆಸಿಸ್ಟರ್ ಅಡ್ಡ ಹಾಕಿದ್ದೆ. ಒಂದೆರಡು ನಿಮಿಷದಲ್ಲಿ ಖಾಲಿಯಾಗುತ್ತದೆ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಸಾಹಸ ಬೇಡ.

ನಮ್ಮೂರ ವೋಲ್ಟೇಜ್ ರಾತ್ರಿ ಕೆಲವೊಮ್ಮೆ 250 ಮುಟ್ಟುತ್ತದೆ. ಆಗ ನನ್ನ 26.8 ಹೋಗಿ 29 ಆಗುತ್ತೆ. ಐಸಿಯ ಮಿತಿ ಎರಡೂ ಕಡೆ ಸೇರಿ 60, ಅಂದರೆ ತಲಾ 30. ಇದು ನನಗೆ ಹೊಳೆದಿದ್ದು ಬಸ್ಸಿನಲ್ಲಿ! 15-0-15 ಕೊಂಡಿದ್ದರೆ ಸ್ವಲ್ಪ ದನಿ ಕಮ್ಮಿಯಾದರೂ ನೆಮ್ಮದಿ ಇರುತ್ತಿತ್ತು. ಅಪ್ಪ ಹಳೇ ಟಿವಿಯ ಸ್ಟೆಬಿಲೈಸರ್ ಹುಡುಕಿ ಕೊಟ್ಟರು.

ಹಸೆ ಹಾಡು ಹಾಕಿದೆ. ಅಪ್ಪ ಕಣ್ಣು ಮುಚ್ಚಲಿಲ್ಲ, ಏನೂ ಮಾಡಲಿಲ್ಲ, ಸುಮ್ಮನೆ ಡಬ್ಬಿಯನ್ನೇ ನೋಡುತ್ತ ಕೂತರು. ಮುಂದೆ ಹಾಡುವುದು ಅಜ್ಜಿ, ಹಿಂದೆ ಎತ್ತಿಕೊಳ್ಳುವುದು ಮೂರು ಜನ, ಬಳೆ ಸದ್ದು, ದೂರದಲ್ಲಿ ಪಾತ್ರೆ ಇಟ್ಟ ಸದ್ದು. ಹಾಡು ಮುಗಿದ ಮೇಲೆ ಕ್ಯಾಸೆಟ್ ಇನ್ನೊಂದೆರಡು ಕ್ಷಣ ಓಡಿದೆ. ಇಷ್ಟು ದಿನ ಫೋನಿನಲ್ಲಿ ಅಲ್ಲಿ ಬರೀ ಸರಬರ ಅಂತ ಇತ್ತು. ಈಗ ಅಲ್ಲಿ ಮೆಲ್ಲಗೆ, ಸ್ಪಷ್ಟವಾಗಿ ಅಜ್ಜಿಯ ದನಿ: "ಸಾಕು ಮಾರಾಯ, ಆ ಪೆಟ್ಟಿಗೆ ನಿಲ್ಸು. ಊಟಕ್ಕೆ ಏಳು."

ಅಪ್ಪ "ಹೂಂ" ಅಂದರು, ಅವರಿಗೇ ಉತ್ತರ ಕೊಟ್ಟ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಬಲಗಡೆ ಡಬ್ಬಿಯಲ್ಲಿ ಸಣ್ಣಗೆ ಕಿರ್ ಅಂತಿದೆಯಲ್ಲ, ಅದೇನು ನೋಡು" ಅಂದರು. ಇದೆ ನಿಜ. ಮುಂದಿನ ಸಲ ಹೋದಾಗ ಬಿಚ್ಚಬೇಕು.